ಥಂಡಿ ಇರೋದು ಒಳಗೇ

ಡಿಸೆಂಬರ್ ಬಂತಂದ್ರೆ ಬೆಂಗಳೂರಿನ ಟೀಮ್‌ಗಳೆಲ್ಲ ದಾಂಡೇಲಿ, ಜೋಯಿಡಾ ಕಡೆ ಹೊರಡುತ್ತವೆ. ಬ್ಯಾಗಿನಲ್ಲಿ ದಪ್ಪ ಜಾಕೆಟ್ ಇರ್ತದೆ, ಕಾಳಿ ನದಿ ದಂಡೆಯಲ್ಲಿ ಫೋಟೋ ತೆಗೆಸಿಕೊಳ್ಳಲಿಕ್ಕೆ. ರೂಮಿಗೆ ಬಂದ ಕೂಡಲೇ ಅದನ್ನು ಕಳಚಿ, ಚಡ್ಡಿ, ಟೀಶರ್ಟಿನಲ್ಲಿ ಕೂತು, 'ಹೀಟರ್ ಇಲ್ವಾ?' ಅಂತ ಕೂಗು.

ನಮ್ಮ ಕಡೆ ಹಂಚಿನ ಮನೆ ಕಟ್ಟಿದ್ದು ಗಾಳಿಯಾಡಲಿ ಅಂತ, ಬಿಸಿ ಹಿಡಿದಿಡಲಿ ಅಂತಲ್ಲ. 2000 ವ್ಯಾಟಿನ ಹೀಟರನ್ನು ರಾತ್ರಿ 8 ತಾಸು ಉರಿಸಿದರೆ 16 ಯೂನಿಟ್. ಆ ಬಿಸಿಯೆಲ್ಲ ಹಂಚಿನ ಸಂದಿಯಿಂದ ಕಾಡಿಗೆ. ಅದರ ಬದಲು ಕಾಲುಚೀಲ, ತುಂಬುತೋಳಿನ ಅಂಗಿ, ಮೇಲೊಂದು ಸ್ವೆಟರ್, ಕಿವಿಗೆ ಮಫ್ಲರ್ ಹಾಕ್ಕೊಂಡು ಕೂಡ್ರಿ. ತೊಡೆ ಮೇಲೆ ಕೌದಿ ಇರಲಿ. ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೆ ಬಟ್ಟೆ ಪದರ ಹಾಕಿ ಹೊಲಿಯುವ ಕೌದಿ ಹೊದೆಯೋದಕ್ಕೆ ಇರೋದು, ಗೋಡೆಗೆ ನೇತುಹಾಕೋದಕ್ಕಲ್ಲ.

ಆದ್ರೆ ನನ್ನ ಸಿಟ್ಟು ಅತಿಥಿಗಳ ಮೇಲಷ್ಟೇ ಅಲ್ಲ. ಬೆಳಿಗ್ಗೆ 7ಕ್ಕೆ, ಅರ್ಧ ಗೋಡೆಯ ಊಟದ ಹಾಲ್‌ನಲ್ಲಿ ಇಡ್ಲಿ ಬಡಿಸುವ ಹುಡುಗ ಅರ್ಧ ತೋಳಿನ ತೆಳು ಯೂನಿಫಾರ್ಮಿನಲ್ಲಿರ್ತಾನೆ. ಒಂದು ರಿಸಾರ್ಟಿನಲ್ಲಿ 'ಸ್ವೆಟರ್ ಯಾಕಿಲ್ಲೋ ತಮ್ಮಾ' ಅಂದೆ. 'ಲೋಗೋ ಮುಚ್ಚಿ ಹೋಗ್ತದಂತ್ರೀ' ಅಂದ. ಒಳಗೇ ಇರ್ತಾರಲ್ಲ, ಅವರಿಗೇನು ಥಂಡಿ ಅನ್ನೋದು ಮಾಲಕರ ವಾದ. ಹಾಗಿದ್ರೆ ಒಂದು ಬೆಳಿಗ್ಗೆ ಅವರೇ ಆ ಅಂಗಿ ತೊಟ್ಟು ಬಡಿಸಲಿ, ನೋಡೋಣ. ಚಳಿಗಾಲಕ್ಕೆ ಊರೂರಲ್ಲಿ ಸ್ವೆಟರ್ ಮಾರುವ ಟಿಬೆಟಿಯನ್ನರ ಕಾಲೊನಿ 1966ರಿಂದ ಇದೇ ಜಿಲ್ಲೆಯ ಮುಂಡಗೋಡದಲ್ಲಿದೆ. ಒಂದು ಹೀಟರಿನ ದುಡ್ಡಲ್ಲಿ ಇಬ್ಬರು ಹುಡುಗರಿಗೆ ಸ್ವೆಟರ್ ಬರ್ತದೆ. ಲೋಗೋ ಬೇಕೇ ಬೇಕಂದ್ರೆ ಅದರ ಮೇಲೇ ಹೊಲಿಸಲಿ.