ಗಡಿಯಂಚಿನ ಖೋಡಾ

ದಿಲ್ಲಿಯ ಪೂರ್ವ ಗಡಿಯಲ್ಲಿ, ಮಯೂರ ವಿಹಾರದ ಮೂರನೆಯ ಹಂತವನ್ನು ದಾಟಿದೊಡನೆ ಖೋಡಾ ಎಂಬ ಊರು ಎದುರಾಗುತ್ತದೆ. ಒಂದು ಮಗ್ಗುಲಿಗೆ ದಿಲ್ಲಿ, ಇನ್ನೊಂದು ಮಗ್ಗುಲಿಗೆ ನೋಯ್ಡಾ. ಊರು ಮಾತ್ರ ಉತ್ತರ ಪ್ರದೇಶದ ಗಾಜಿಯಾಬಾದ್ ಜಿಲ್ಲೆಗೆ ಸೇರಿದುದು. 2011ರ ಜನಗಣತಿಯಲ್ಲಿ ಇಲ್ಲಿ ಸುಮಾರು 1 ಲಕ್ಷ 90 ಸಾವಿರ ಜನರಿದ್ದರು. ಅದೇ ವರ್ಷ ನಮ್ಮ ಮಂಡ್ಯ ನಗರದ ಜನಸಂಖ್ಯೆ 1 ಲಕ್ಷ 40 ಸಾವಿರವನ್ನು ಮುಟ್ಟಿರಲಿಲ್ಲ. ಮಂಡ್ಯಕ್ಕೆ ನಗರಸಭೆಯಿತ್ತು, ಅದಕ್ಕಿಂತ ದೊಡ್ಡದಾದ ಖೋಡಾವನ್ನು ಆಗ ಆಳುತ್ತಿದ್ದುದು ಒಂದು ಗ್ರಾಮ ಪಂಚಾಯಿತಿ!

ಈ ವಿಚಿತ್ರಕ್ಕೆ ಕಾರಣವುಂಟು. ಒಂದು ಊರು ಪಟ್ಟಣವೇ ಹಳ್ಳಿಯೇ ಎಂಬುದನ್ನು ತಿಳಿಯಲು ಜನಗಣತಿಯವರು 1961ರಿಂದ ಒಂದು ಅಳತೆಗೋಲನ್ನು ಇರಿಸಿಕೊಂಡಿದ್ದಾರೆ. ಜನಸಂಖ್ಯೆ 5,000ಕ್ಕೆ ಕಡಿಮೆಯಿರಬಾರದು. ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯವಲ್ಲದ ಕಸುಬಿನಲ್ಲಿರಬೇಕು. ಚದರ ಕಿಲೋಮೀಟರಿಗೆ 400 ಜನರಾದರೂ ವಾಸವಾಗಿರಬೇಕು. ಇವಿಷ್ಟೂ ಇದ್ದು ಪುರಸಭೆ ಮಾತ್ರ ಇಲ್ಲದ ಊರಿಗೆ 'ಜನಗಣತಿ ಪಟ್ಟಣ'ವೆಂದು ಹೆಸರು. ದೇಶದಲ್ಲಿ 2001ರಲ್ಲಿ ಇಂತಹವು 1,362 ಇದ್ದುವು. 2011ಕ್ಕೆ 3,894 ಆದುವು. ಹೆಸರು ಬಂದ ಮಾತ್ರಕ್ಕೆ ನಲ್ಲಿಯಾಗಲಿ ಚರಂಡಿಯಾಗಲಿ ಬರುವುದಿಲ್ಲ. ಅವನ್ನು ಕೊಡತಕ್ಕದ್ದು ರಾಜ್ಯ ಸರಕಾರವು ಸ್ಥಾಪಿಸುವ ಪುರಸಭೆ. ಖೋಡಾಕ್ಕೆ ಅದು ದೊರೆತದ್ದು ಆ ಗಣತಿಯ ತರುವಾಯ. ಕುಡಿಯುವ ನೀರಿನ ಕೂಗು ಅನಂತರವೂ ನಿಲ್ಲಲಿಲ್ಲ. ದಿಲ್ಲಿಗೆ ದುಡಿಯುವ ಕೈಗಳು ಬೇಕು, ಆ ಕೈಗಳ ದಾಹ ಮಾತ್ರ ಪಕ್ಕದ ರಾಜ್ಯದ ಚಿಂತೆ.

ಇದು ದೂರದ ಊರೊಂದರ ಸಮಾಚಾರವೆಂದು ನಮ್ಮ ವಾಚಕರು ತಿಳಿಯಬಾರದು. ಮುಂಬಯಿಯಾಗಲಿ ಪುಣೆಯಾಗಲಿ, ನಗರದೊಳಗಿನ ಬಾಡಿಗೆಯನ್ನು ತೆರಲಾರದ ಗುಮಾಸ್ತನು ಗಡಿಯಾಚೆಯ ಹಳ್ಳಿಯಲ್ಲೇ ಕೋಣೆ ಹಿಡಿಯುತ್ತಾನೆ. ಹೋಟೆಲಿನ ಹುಡುಗನಿಗೆ ಆ ಕೋಣೆಯೂ ಇಲ್ಲ; ದುಡಿದಲ್ಲೇ ಊಟ, ಅಲ್ಲೇ ನಿದ್ರೆ. ಇವರು ಯಾವ ಊರಿನ ಲೆಕ್ಕಕ್ಕೆ ಸೇರಬೇಕು? 2011ರ ನಿಯಮ ಸ್ಪಷ್ಟವಾಗಿತ್ತು: ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲಿ. ಒಂದೇ ಅಡಿಗೆಮನೆಯಲ್ಲಿ ಉಂಡು ಒಟ್ಟಿಗೆ ವಾಸಿಸುವ, ಬಂಧುಗಳಲ್ಲದ ಜನರನ್ನು ಮೆಸ್ಸು, ಹಾಸ್ಟೆಲುಗಳಂತೆ 'ಸಾಂಸ್ಥಿಕ ಕುಟುಂಬ'ವೆಂದು ಎಣಿಸುವ ಪದ್ಧತಿಯೂ ಉಂಟು.

ಆದರೆ ನಮ್ಮವರ ವಾಡಿಕೆಯೇ ಬೇರೆ. 'ನಿಮ್ಮ ಊರು ಯಾವುದು?' ಎಂದರೆ ಕುಂದಾಪುರವೆಂದೋ ಕಾರ್ಕಳವೆಂದೋ ಹೇಳುವುದೇ ನಮಗೆ ರೂಢಿ. ಊರಿನಲ್ಲಿ ತಾಯಿಯೂ ಮಗನ ಹೆಸರನ್ನು ಮನೆಯ ಪಟ್ಟಿಯಲ್ಲಿ ಬರೆಸುತ್ತಾಳೆ. ಮಗನಿಲ್ಲದ ಮನೆಯೆಂದು ಹೇಳಲು ಯಾವ ತಾಯಿಗೆ ಮನಸ್ಸು ಬಂದೀತು! ಹೀಗಾದಾಗ ಅವನು ನೀರು ಕುಡಿಯುವ ಊರಿನ ಲೆಕ್ಕದಲ್ಲಿ ಅವನಿರುವುದಿಲ್ಲ. ಹಣಕಾಸು ಆಯೋಗದ ಅನುದಾನವು ಜನಸಂಖ್ಯೆಯನ್ನು ನೋಡಿ ಹಂಚಿಕೆಯಾಗತಕ್ಕದ್ದು. ತಲೆ ಕಡಿಮೆಯಾದರೆ ಹಣವೂ ಕಡಿಮೆ.

2021ರಲ್ಲಿ ನಡೆಯಬೇಕಾಗಿದ್ದ ಗಣತಿ ನಡೆಯಲಿಲ್ಲ. 2025ರ ಜೂನ್ 16ರ ಅಧಿಸೂಚನೆಯಂತೆ ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1 ಗಣನೆಯ ದಿನವಾಗಿರುತ್ತದೆ. ಖೋಡಾದಂತಹ ಊರುಗಳ ಪಾಲಿಗೆ ಇದು ಹದಿನಾರು ವರ್ಷಗಳ ಬಳಿಕ ಬರುವ ಲೆಕ್ಕ. ಗಣತಿದಾರನು ಬಂದಾಗ ಗಲ್ಲಾದ ಮೇಲೆ ಕುಳಿತ ಧಣಿಗಳು ಅಟ್ಟದ ಮೇಲೆ ಮಲಗುವ ಹುಡುಗರ ಹೆಸರುಗಳನ್ನೂ ಬರೆಸಲಿ. ಹುಡುಗರು ಈ ಸಂಗತಿಯನ್ನು ಊರಿಗೆ ಮುಂಚಿತವಾಗಿ ಕಾಗದ ಬರೆದು ತಿಳಿಸಲಿ. ಮಾತೃಭಾಷೆಯ ಅಂಕಣವೂ ಅದೇ ನಮೂನೆಯಲ್ಲಿರುವುದರಿಂದ, ಪರನಾಡಿನಲ್ಲಿ ಕನ್ನಡಿಗರು ಎಷ್ಟು ಮಂದಿಯೆಂಬುದಕ್ಕೆ ಸರಕಾರದ ಬಳಿ ಇರುವ ಆಧಾರವೂ ಅದೇ.