ನೆಮೋ ಖಳನೋ, ನೊಂದವನೋ?

ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್ ಯುದ್ಧನೌಕೆಯನ್ನು ನಮ್ಮ ಚಿತ್ತಾಕುಲದ ಮಕ್ಕಳು ಒಂದಲ್ಲ ಒಂದು ಸಲ ಹತ್ತಿ ಇಳಿದಿರುತ್ತಾರೆ. ಕಾಳಿ ಸೇತುವೆ ದಾಟಿದರೆ ಸಾಕು, ಬಂದೇಬಿಡುತ್ತದೆ. ಇನ್ನೂ ಮುಂದೆ ಅರಗಾದಲ್ಲಿ ಕದಂಬ ನೌಕಾನೆಲೆ. ಹಾಗಾಗಿ ಸಬ್‌ಮರೀನ್ ಎಂದರೆ ನಮ್ಮೂರಲ್ಲಿ ಯಾರೂ ಬಾಯಿ ಬಿಟ್ಟು ನೋಡುವುದಿಲ್ಲ. ಆದರೆ ಸಬ್‌ಮರೀನಿನ ಕಥೆಗಳಲ್ಲೆಲ್ಲ ಹೆಸರಾದ ಒಬ್ಬ ಕ್ಯಾಪ್ಟನ್ ನಮ್ಮ ದೇಶದವನು ಎಂಬುದು ನಮಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಮ್ಮ ತಂಡದಲ್ಲೇ ಎರಡು ಪಂಗಡ ಆಯಿತು.

ಅವನ ಹೆಸರು ಕ್ಯಾಪ್ಟನ್ ನೆಮೋ. ಫ್ರಾನ್ಸಿನ ಜೂಲ್ಸ್ ವರ್ನ್ 1869–70ರಲ್ಲಿ ಬರೆದ ಕಾದಂಬರಿಯ ಪಾತ್ರ. ಸಮುದ್ರದಲ್ಲಿ ಏನೋ ಭಾರಿ ಪ್ರಾಣಿ ಹಡಗುಗಳಿಗೆ ಗುದ್ದುತ್ತಿದೆ ಎಂದು ಲೋಕವೆಲ್ಲ ಹೆದರಿರುತ್ತದೆ. ಅದನ್ನು ಕೊಲ್ಲಲು ಹೋದ ಮೂವರು ನೀರಿಗೆ ಬಿದ್ದಾಗ ತಿಳಿಯುತ್ತದೆ, ಅದು ಪ್ರಾಣಿಯಲ್ಲ, ನಾಟಿಲಸ್ ಎಂಬ ಸಬ್‌ಮರೀನ್. ಅದರ ಒಡೆಯ ನೆಮೋ ಅವರ ಜೀವ ಉಳಿಸುತ್ತಾನೆ. ಆದರೆ ಮತ್ತೆಂದೂ ಹೊರಗೆ ಬಿಡುವುದಿಲ್ಲ ಎನ್ನುತ್ತಾನೆ. ನೆಮೋ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ಯಾರೂ ಅಲ್ಲ’ ಎಂದರ್ಥ.

ಇವನು ಯಾವ ದೇಶದವನು? ವರ್ನ್ ಮೊದಲು ಅವನನ್ನು ಪೋಲೆಂಡಿನವನನ್ನಾಗಿ ಮಾಡಲು ಹೊರಟಿದ್ದ, ರಷ್ಯನ್ನರಿಂದ ಮನೆಮಂದಿಯನ್ನು ಕಳೆದುಕೊಂಡವನು ಎಂದು. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ರಷ್ಯಾದಲ್ಲೂ ಪುಸ್ತಕ ಮಾರಬೇಕಲ್ಲ! ಹಾಗಾಗಿ ಮೊದಲ ಕಾದಂಬರಿಯಲ್ಲಿ ಅವನ ಊರು ಗುಟ್ಟಾಗೇ ಉಳಿಯಿತು. 1874–75ರ ‘ನಿಗೂಢ ದ್ವೀಪ’ ಕಾದಂಬರಿಯಲ್ಲಿ ಗುಟ್ಟು ಹೊರಬಿತ್ತು. ನೆಮೋ ಬುಂದೇಲಖಂಡದ ರಾಜಕುಮಾರ ಡಕ್ಕರ್. 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದವನು, ಹೆಂಡತಿ ಮಕ್ಕಳನ್ನು ಕಳೆದುಕೊಂಡವನು. ಟಿಪ್ಪು ಸುಲ್ತಾನನ ನೆಂಟ ಎಂದೂ ವರ್ನ್ ಬರೆದ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಈ ನೆಂಟಸ್ತನ ಕಥೆಗಾರ ಕಟ್ಟಿದ್ದೇ ಹೊರತು ಇತಿಹಾಸವಲ್ಲ. ಆದರೂ ಶ್ರೀರಂಗಪಟ್ಟಣದ ಹೆಸರು ಹೇಳದೆ ಬ್ರಿಟಿಷರ ವೈರಿಯನ್ನು ಕಟ್ಟಲು ಅವನಿಗೂ ಮನಸ್ಸಾಗಲಿಲ್ಲ ಎಂದು ನಾವು ಒಳಗೊಳಗೇ ಹಿಗ್ಗಿದೆವು.

ಈಗ ಜಗಳದ ವಿಷಯಕ್ಕೆ ಬರೋಣ. ಒಂದು ಯುದ್ಧನೌಕೆ ನಾಟಿಲಸ್ ಮೇಲೆ ಗುಂಡು ಹಾರಿಸುತ್ತದೆ. ನೆಮೋ ಮುಳುಗಿ ಪಾರಾಗಬಹುದಿತ್ತು. ಅವನು ಹಾಗೆ ಮಾಡುವುದಿಲ್ಲ. ನೌಕೆಯನ್ನು ತನ್ನ ಹಿಂದೆ ಬರುವಂತೆ ಮಾಡಿ, ಕೊನೆಗೆ ನೀರಿನಡಿಯಿಂದ ಅದರ ಹೊಟ್ಟೆ ಸೀಳುತ್ತಾನೆ. ನಾವಿಕರು ಪಟಸ್ತಂಭಗಳನ್ನು ಹತ್ತುತ್ತಾರೆ, ನೀರು ಅವರ ಹಿಂದೆಯೇ ಹತ್ತುತ್ತದೆ. ಗಾಜಿನ ಕಿಟಕಿಯಲ್ಲಿ ನಿಂತು ಎಲ್ಲ ಮುಗಿಯುವವರೆಗೂ ನೆಮೋ ನೋಡುತ್ತಾನೆ. ಆಮೇಲೆ ಕೋಣೆಗೆ ಹೋಗಿ, ಒಬ್ಬ ಹೆಂಗಸು ಮತ್ತು ಎರಡು ಮಕ್ಕಳ ಚಿತ್ರದ ಮುಂದೆ ಮಂಡಿಯೂರಿ ಬಿಕ್ಕಿ ಬಿಕ್ಕಿ ಅಳುತ್ತಾನೆ.

ನಮ್ಮಲ್ಲಿ ಅರ್ಧ ಮಂದಿ ಅವನ ಪರ. ಅವರ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಇದೇ ನೆಮೋ ಸಿಲೋನಿನ ಕಡಲಲ್ಲಿ ಒಬ್ಬ ಬಡ ಮುತ್ತುಗಾರನನ್ನು ಶಾರ್ಕ್ ಬಾಯಿಂದ ತಪ್ಪಿಸಿ, ಕೈಗೆ ಮುತ್ತಿನ ಚೀಲ ಕೊಟ್ಟು ಕಳಿಸುತ್ತಾನೆ. ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಕ್ರೀಟ್ ದ್ವೀಪದವರಿಗೆ ಚಿನ್ನ ಮುಟ್ಟಿಸುತ್ತಾನೆ. ಅದೇ 1857ರಲ್ಲಿ ನಮ್ಮ ಹಲಗಲಿಯಲ್ಲಿ ಏನಾಯಿತು? ಆಯುಧ ಒಪ್ಪಿಸಲಾರೆವು ಎಂದ ಬೇಡರ ಊರನ್ನೇ ಸುಟ್ಟರು, ಸಿಕ್ಕವರನ್ನು ಗಲ್ಲಿಗೇರಿಸಿದರು. ಸರ್ಕಾರಿ ಕಾಗದದಲ್ಲಿ ಅವರು ದಂಗೆಕೋರರು, ಲಾವಣಿಯಲ್ಲಿ ವೀರರು. ಲಾವಣಿ ಇಲ್ಲದಿದ್ದರೆ ನಮ್ಮ ಶಾಲೆಯ ಮಕ್ಕಳಿಗೆ ಅವರ ಹೆಸರೂ ಮುಟ್ಟುತ್ತಿರಲಿಲ್ಲ. ಹಾಗಿರುವಾಗ ನೆಮೋನನ್ನು ಕಡಲ ರಾಕ್ಷಸ ಎನ್ನಲು ನಾವು ಯಾರು?

ಈ ಮಾತಿಗೆ ನಾವೆಲ್ಲರೂ ತಲೆದೂಗಿದೆವು. ಒಬ್ಬನನ್ನು ರಾಕ್ಷಸ ಎನ್ನುವ ಮೊದಲು ಅವನಿಗೆ ಏನಾಗಿತ್ತು ಎಂದು ಕೇಳಬೇಕು. ವರದಿ ಬರೆಯಲು ಕಲಿತವರಿಗೆ ಇದು ಮೊದಲ ಪಾಠ.

ಆದರೆ ಅಲ್ಲಿಗೇ ನಿಲ್ಲಬಾರದು ಎಂಬುದು ನಮ್ಮ ಅಭಿಪ್ರಾಯ. ಉತ್ತರ ಕನ್ನಡದವರಾದ ನಮಗೆ ಇದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಲು ಜನ ರಾತ್ರಿಯಿಡೀ ನಿದ್ದೆಗೆಟ್ಟರು. ಚಪ್ಪಾಳೆ ತಟ್ಟಿದರು, ಶಿಳ್ಳೆ ಹೊಡೆದರು. ಬೆಳಗಾಗಿ ಮನೆಗೆ ಹೋಗುವಾಗ ಸೈರಂಧ್ರಿಯ ವಿಷಯದಲ್ಲಿ ಕೀಚಕ ಮಾಡಿದ್ದು ಸರಿ ಎಂದವರು ಯಾರೂ ಇಲ್ಲ. ಪಾತ್ರ ಮನಸ್ಸಿಗೆ ಹಿಡಿಸುವುದು ಬೇರೆ, ಪಾತ್ರ ಮಾಡಿದ ಕೆಲಸ ಒಪ್ಪುವುದು ಬೇರೆ. ಈ ವ್ಯತ್ಯಾಸವನ್ನು ನಮ್ಮ ಅಜ್ಜಂದಿರು ಚಾಪೆ ಹಾಸಿ ಕೂತು ಕಲಿತಿದ್ದರು.

ತಾಳಮದ್ದಳೆಯಲ್ಲೂ ಅಷ್ಟೇ. ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಕೇಳುವ ಪ್ರಶ್ನೆಗಳನ್ನು ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಎಷ್ಟು ಬಿಗಿಯಾಗಿ ಕಟ್ಟುತ್ತಿದ್ದರೆಂದರೆ, ಎದುರು ಕೂತ ರಾಮನಿಗೆ ಉತ್ತರ ಕಷ್ಟ. ಆದರೂ ರಾಮನ ಅರ್ಥ ಹೇಳಲು ಒಬ್ಬರು ಕೂತೇ ಇರುತ್ತಿದ್ದರು. ಎರಡೂ ಕಡೆಗೆ ಬಾಯಿ ಇತ್ತು.

ನೆಮೋ ಕಥೆಯಲ್ಲಿ ಮುಳುಗಿದವರಿಗೆ ಬಾಯಿಲ್ಲ. ಆ ನೌಕೆಗೆ ಒಂದು ಹೆಸರಿಲ್ಲ. ಅದರ ಮೇಲೆ ಯಾವ ದೇಶದ ಬಾವುಟವಿತ್ತು ಎಂಬುದನ್ನೂ ವರ್ನ್ ಹೇಳುವುದಿಲ್ಲ. ‘ಯಾರೂ ಅಲ್ಲ’ ಎಂದು ಹೆಸರಿಟ್ಟುಕೊಂಡವನಿಗೆ ಒಂದು ಊರಿದೆ, ಹೆಂಡತಿ ಮಕ್ಕಳ ಚಿತ್ರವಿದೆ, ಅವನ ಅಳು ಕೇಳಿಸಿಕೊಳ್ಳುವ ಓದುಗರಿದ್ದಾರೆ. ನಿಜವಾಗಿ ಯಾರೂ ಅಲ್ಲದವರಾದದ್ದು ಪಟಸ್ತಂಭ ಹತ್ತಿದ ಆ ನಾವಿಕರು. ಅವರಲ್ಲಿ ಬುಂದೇಲಖಂಡದಲ್ಲಿ ಕತ್ತಿ ಹಿಡಿದವನು ಒಬ್ಬನಾದರೂ ಇದ್ದನೇ? ಸಂಬಳಕ್ಕೆ ಹಡಗು ಹತ್ತಿದ ಹುಡುಗರೇ ಹೆಚ್ಚಿರಬೇಕು. ದೋಣಿ ಹೊತ್ತಿಗೆ ಸರಿಯಾಗಿ ಬರಲಿಲ್ಲ ಎಂದರೆ ದಡದಲ್ಲಿ ಮನೆಯವರ ಮುಖ ಹೇಗಿರುತ್ತದೆಂದು ಕಡಲ ಊರಿನ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನೋವೇ ಅವನನ್ನು ಹಾಗೆ ಮಾಡಿತು ಎನ್ನುವವರಿಗೆ ಒಂದು ಮಾತು. ನಮ್ಮ ತಾಲೂಕಿನಲ್ಲೇ ಸೀಬರ್ಡ್ ಯೋಜನೆಗೆ ಮನೆ, ಗದ್ದೆ, ಬಲೆ ಬೀಸುವ ದಡ ಬಿಟ್ಟುಕೊಟ್ಟು ಎದ್ದುಬಂದ ಕುಟುಂಬಗಳಿವೆ. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದವರಿದ್ದಾರೆ. ಹೆಂಡತಿ ಮಕ್ಕಳನ್ನು ಕಳೆದುಕೊಂಡವನ ನೋವಿಗೂ ಇದಕ್ಕೂ ಸಮ ಮಾಡುತ್ತಿಲ್ಲ. ಆದರೆ ನೋವುಂಡವರು ಅರ್ಜಿ ಬರೆದರು, ಧರಣಿ ಕೂತರು. ನೋವಿನಿಂದ ಹೊರಡುವ ದಾರಿ ಒಂದೇ ಅಲ್ಲ ಎಂದು ನಾವು ಅವರನ್ನು ನೋಡಿ ಕಲಿತಿದ್ದೇವೆ.

ಎರಡನೇ ಕಾದಂಬರಿಯ ಕೊನೆಯಲ್ಲಿ, ಸಾಯುವ ಮುನ್ನ ನೆಮೋ ತಾನೇ ತೀರ್ಪು ಕೇಳುತ್ತಾನೆ. ಎದುರಿಗಿರುವ ಎಂಜಿನಿಯರ್ ಸೈರಸ್ ಸ್ಮಿತ್, ಕಾಲದ ನಡೆಗೆ ಎದುರು ನಿಂತದ್ದೇ ನಿನ್ನ ತಪ್ಪು ಎಂಬರ್ಥದ ಮಾತು ಹೇಳುತ್ತಾನೆ. ಈ ತೀರ್ಪು ನಮಗೆ ಒಪ್ಪಿಗೆಯಿಲ್ಲ. ಆಳುವವರ ಎದುರು ನಿಂತದ್ದು ತಪ್ಪಾದರೆ ಹಲಗಲಿಯವರದ್ದೂ ತಪ್ಪಾಗುತ್ತದೆ. ನೆಮೋನ ತಪ್ಪು ಅದಲ್ಲ. ಗುಂಡು ತಾಗದ ನೀರಿನಾಳ ಕೈಯಲ್ಲಿದ್ದರೂ, ತಪ್ಪಿಸಿಕೊಳ್ಳುವ ದಾರಿ ಬಿಟ್ಟು ಮುಳುಗಿಸುವ ದಾರಿ ಹಿಡಿದದ್ದು ತಪ್ಪು. ಅವನು ರಾಕ್ಷಸನಲ್ಲ. ಆ ನೌಕೆಯ ವಿಷಯದಲ್ಲಿ ಮಾತ್ರ ಅಪರಾಧಿ. ಚಿತ್ರದ ಮುಂದೆ ಅಷ್ಟು ಅತ್ತನಲ್ಲ, ಅವನಿಗೂ ಇದು ಗೊತ್ತಿತ್ತು ಎಂದೇ ನಮಗೆ ಅನಿಸುತ್ತದೆ.

ನಮ್ಮ ಜಗಳ ಪೂರ್ತಿ ಮುಗಿದಿಲ್ಲ. ಮಳೆಗಾಲ ಬರಲಿ, ತಾಳಮದ್ದಳೆಗಳು ಶುರುವಾಗಲಿ. ಅರ್ಥಧಾರಿಗಳು ಯಾರಾದರೂ ಒಪ್ಪಿದರೆ ‘ನೆಮೋ ಪ್ರಸಂಗ’ವನ್ನೇ ಕೂರಿಸೋಣ. ನೆಮೋ ಪಾತ್ರಕ್ಕೆ ಜನ ಮುಗಿಬೀಳುತ್ತಾರೆ, ಅದು ಖಂಡಿತ. ಪಟಸ್ತಂಭ ಹತ್ತಿದ ನಾವಿಕನ ಅರ್ಥ ಹೇಳಲು ಯಾರು ಬರುತ್ತೀರಿ? ಮೊದಲು ಅವರ ಹೆಸರು ಬರೆದುಕೊಳ್ಳುತ್ತೇವೆ.