ಮನೆಯಲ್ಲೇ ಕಲಿಯುವ ಮಕ್ಕಳು ಎಷ್ಟು ನೆನಪಿಡಬೇಕು?

ಮಾರ್ಚ್‌ನಲ್ಲಿ ಕಲಿತ ಭಿನ್ನರಾಶಿ ಲೆಕ್ಕ ಜೂನ್ ಹೊತ್ತಿಗೆ ಮಗುವಿಗೆ ಮರೆತುಹೋಗಿದೆ. ಶಾಲೆಗೆ ಹೋಗುವ ಮಗುವಾದರೆ ಇದು ಯಾರ ಗಮನಕ್ಕೂ ಬರುವುದಿಲ್ಲ. ಪರೀಕ್ಷೆ ಮುಗಿದು ಅಂಕಪಟ್ಟಿ ಕೈಸೇರಿರುತ್ತದೆ, ಮುಂದಿನ ತರಗತಿ ಆರಂಭವಾಗಿರುತ್ತದೆ. ಆದರೆ ಮಗುವನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುತ್ತಿರುವ ತಂದೆತಾಯಿಗೆ ಇದೇ ಮರೆವು ನಿದ್ದೆಗೆಡಿಸುತ್ತದೆ. ಕಲಿಸಿದ್ದು ಉಳಿಯಲಿಲ್ಲವೆಂದರೆ ತಾವು ಹಿಡಿದ ದಾರಿಯೇ ತಪ್ಪಾಯಿತೇ ಎಂಬ ಪ್ರಶ್ನೆ ಅವರನ್ನು ಕಾಡುತ್ತದೆ.

ಬೆಂಗಳೂರಿಗೆ ಹೋಂ ಸ್ಕೂಲಿಂಗ್ ಈಗ ಅಪರಿಚಿತ ಪದವೇನಲ್ಲ. ಹಲಸೂರಿಗೂ ಇಂದಿರಾನಗರಕ್ಕೂ ನಡುವೆ, ದಂಡು ಪ್ರದೇಶದ ಹಳೆಯ ಬಡಾವಣೆಯಾದ ಮರ್ಫಿ ಟೌನಿನಲ್ಲಿ ಇಂಥದೊಂದು ಮನೆಯನ್ನು ಊಹಿಸಿಕೊಳ್ಳಿ. ಮನೆಮಾತು ತಮಿಳು, ಪಾಠ ಇಂಗ್ಲಿಷಿನಲ್ಲಿ, ಬೀದಿಯಲ್ಲಿ ಕನ್ನಡ. ಹತ್ತು ವರ್ಷದ ಮಗು ಏನು ಕಲಿತಿದೆ, ಕಲಿತದ್ದರಲ್ಲಿ ಎಷ್ಟು ಉಳಿದಿದೆ ಎಂದು ಕೇಳುವವರು ಆ ಮನೆಯ ಹೊರಗೆ ಯಾರೂ ಇಲ್ಲ. ಇದು ಆ ಮಗುವಿನ ಭಾಗ್ಯವೂ ಹೌದು, ಅಪಾಯವೂ ಹೌದು.

ಕಾನೂನಿನ ಮೌನ

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. ಆದರೆ ಮನೆಯಲ್ಲೇ ಕಲಿಸುವವರ ಬಗ್ಗೆ ಈ ಕಾಯ್ದೆ ಏನನ್ನೂ ಹೇಳುವುದಿಲ್ಲ, ಅವರಿಗೆ ದಂಡವನ್ನೂ ವಿಧಿಸುವುದಿಲ್ಲ. ಇಂಥ ಮಕ್ಕಳಲ್ಲಿ ಅನೇಕರಿಗೆ ಪ್ರಮಾಣಪತ್ರದ ದಾರಿ ತೋರಿಸುವುದು 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಾಗಿ ಆರಂಭವಾದ ಇಂದಿನ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ (ಎನ್‌ಐಒಎಸ್). ಅಲ್ಲಿ 3, 5 ಮತ್ತು 8ನೇ ತರಗತಿಗಳಿಗೆ ಸಮಾನವಾದ ಹಂತಗಳಿದ್ದರೂ ಮನೆಯಲ್ಲಿ ಕಲಿಯುವವರು ಅವನ್ನು ಮುಗಿಸಲೇಬೇಕೆಂಬ ಕಡ್ಡಾಯವಿಲ್ಲ. 14 ತುಂಬಿದ ಮೇಲೆ ನೇರವಾಗಿ ಹತ್ತನೇ ತರಗತಿಗೆ ಸಮಾನವಾದ ಪರೀಕ್ಷೆಗೆ ನೋಂದಾಯಿಸಬಹುದು. ಅಂದರೆ ಎಂಟು ವರ್ಷಗಳ ಕಲಿಕೆ ಹೊರಗಿನ ಒಂದೇ ಒಂದು ಪ್ರಶ್ನೆಯನ್ನೂ ಎದುರಿಸದೆ ಸಾಗಿಹೋಗಬಹುದು.

ಹಾಗೆಂದು ಶಾಲೆಗಳು ಈ ಪ್ರಶ್ನೆಗೆ ಉತ್ತರ ಕಂಡುಕೊಂಡಿವೆಯೇ? 5, 8 ಮತ್ತು 9ನೇ ತರಗತಿಗಳಿಗೆ ಮಂಡಳಿ ಮಟ್ಟದ ಪರೀಕ್ಷೆ ನಡೆಸಲು ಹೊರಟ ರಾಜ್ಯ ಸರ್ಕಾರದ ಕ್ರಮ ಹೈಕೋರ್ಟಿನ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತಡೆ ಕಂಡಿತು. 2025ರ ಅಕ್ಟೋಬರ್‌ನಲ್ಲಿ ಎಸ್ಸೆಸ್ಸೆಲ್ಸಿ ಉತ್ತೀರ್ಣತೆಯ ಮಿತಿಯನ್ನು ಶೇ. 35ರಿಂದ 33ಕ್ಕೆ ಇಳಿಸುವುದಾಗಿ ಸರ್ಕಾರ ಪ್ರಕಟಿಸಿತು. ಎನ್‌ಐಒಎಸ್‌ನಲ್ಲೂ 33 ಅಂಕವೇ ಗೆರೆ. ಪರೀಕ್ಷೆಯ ದಿನ ಮೂರನೇ ಒಂದು ಭಾಗ ನೆನಪಿದ್ದರೆ ವ್ಯವಸ್ಥೆಗೆ ತೃಪ್ತಿ. ಅದು ಯಾವ ಮೂರನೇ ಒಂದು ಭಾಗ, ಆರು ತಿಂಗಳ ನಂತರ ಎಷ್ಟು ಉಳಿದಿರುತ್ತದೆ ಎಂದು ಅದು ಕೇಳುವುದಿಲ್ಲ.

ಮರೆವಿನ ಲೆಕ್ಕ

ಮರೆವನ್ನು ಮೊದಲು ಅಳೆದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಫಲಿತಾಂಶವನ್ನು ಅವರು 1885ರಲ್ಲಿ ಪ್ರಕಟಿಸಿದರು. ಒಂದು ದಿನದ ಬಳಿಕ ಉಳಿದದ್ದು ಸುಮಾರು ಮೂರನೇ ಒಂದು ಭಾಗ, ಒಂದು ತಿಂಗಳ ಬಳಿಕ ಐದನೇ ಒಂದು ಭಾಗ. ಆದರೆ ಅವರು ಅಳೆದ ಬಗೆಯನ್ನು ಗಮನಿಸಬೇಕು. ಎಷ್ಟನ್ನು ಒಪ್ಪಿಸಬಲ್ಲೆ ಎಂದು ಅವರು ಎಣಿಸಲಿಲ್ಲ. ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕಿದರು. ಮರೆತಂತೆ ಕಂಡದ್ದೂ ಪೂರ್ತಿ ಅಳಿಸಿಹೋಗಿರುವುದಿಲ್ಲ, ಎರಡನೆಯ ಸಲ ಬೇಗ ಬರುತ್ತದೆ. ಮಗು ಭಿನ್ನರಾಶಿ ಮರೆತಿದೆಯೆಂದು ಕಂಗೆಡುವ ತಾಯಿ ಮೊದಲು ನೋಡಬೇಕಾದದ್ದು ಇದನ್ನೇ. ಮೊದಲ ಸಲ ಎರಡು ವಾರ ಹಿಡಿದದ್ದು ಈಗ ಎರಡು ದಿನದಲ್ಲಿ ಮರಳಿದರೆ ಕಲಿಕೆ ವ್ಯರ್ಥವಾಗಿಲ್ಲ.

ಆದರೆ ಎಲ್ಲ ಮರೆವೂ ಹೀಗೆ ನಿರುಪದ್ರವಿಯಲ್ಲ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳ ಅಧ್ಯಯನ ನಡೆಸಿ 2021ರ ಫೆಬ್ರುವರಿಯಲ್ಲಿ ವರದಿ ನೀಡಿತು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡವರು ಶೇ. 92, ಗಣಿತದಲ್ಲಿ ಶೇ. 82. ಕಳೆದದ್ದು ರಾಜರ ಹೆಸರೋ ಇಸವಿಯೋ ಅಲ್ಲ; ಅರ್ಥ ಮಾಡಿಕೊಂಡು ಓದುವುದು, ಚಿತ್ರ ನೋಡಿ ಸರಳ ವಾಕ್ಯ ಬರೆಯುವುದು, ಕೂಡುವುದು, ಕಳೆಯುವುದು. ಮುಂದಿನ ಕಲಿಕೆಗೆಲ್ಲ ಇವೇ ಉಪಕರಣ. ರಾಜ್ಯ ಸರ್ಕಾರ 2022-23ರಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ನಡೆಸಬೇಕಾಗಿ ಬಂದದ್ದು ಇದರಿಂದಲೇ.

ಯಾವುದು ಉಳಿಯಬೇಕು?

ಆದ್ದರಿಂದ ಎಷ್ಟು ಎಂಬುದಕ್ಕಿಂತ ಯಾವುದು ಎಂಬ ಪ್ರಶ್ನೆ ಮುಖ್ಯ. ಓದು, ಬರಹ, ಮಗ್ಗಿ, ನಾಲ್ಕು ಮೂಲ ಲೆಕ್ಕಗಳು ಪೂರ್ತಿಯಾಗಿ ಉಳಿಯಲೇಬೇಕು. ಇಲ್ಲಿ 33 ಸಾಲದು. ಹಳೆಯ ಕೂಲಿಮಠದ ಐಗಳು ಮರಳಿನ ಮೇಲೆ ಕಾಗುಣಿತ ತಿದ್ದಿಸಿ ಮಗ್ಗಿ ಹೇಳಿಸುತ್ತಿದ್ದುದನ್ನು ಗಿಳಿಪಾಠವೆಂದು ಹೀಗಳೆಯುವವರೂ ಏಳೆಂಟಲಿ ಐವತ್ತಾರು ಎಂಬುದು ನಾಲಗೆಯ ಮೇಲಿಲ್ಲದ ಮಗು ಭಾಗಾಕಾರದಲ್ಲಿ ಮುಗ್ಗರಿಸುವುದನ್ನು ಕಂಡಿರುತ್ತಾರೆ. ಎರಡನೆಯದು, ವಿಷಯದ ಚೌಕಟ್ಟು: ಮಳೆ ಹೇಗೆ ಬರುತ್ತದೆ, ಟಿಪ್ಪು ಮೊದಲೋ ಗಾಂಧಿ ಮೊದಲೋ ಎಂಬ ತಿಳಿವಳಿಕೆ. ಇದು ಮಸುಕಾದರೂ ಒಂದು ಮಾತಿನಲ್ಲಿ ನೆನಪಿಗೆ ಬರುವಂತಿರಬೇಕು. ಮೂರನೆಯದು, ಪುಸ್ತಕ ತೆರೆದರೆ ಸಿಗುವ ವಿವರ. ಅದನ್ನು ಮರೆತರೆ ದೋಷವಿಲ್ಲ.

ಉಳಿಸಿಕೊಳ್ಳುವ ದಾರಿಯೂ ದುಬಾರಿಯದಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಾಠವನ್ನು ಮತ್ತೆ ಓದಿದವರು ವಾರದ ಬಳಿಕ ಶೇ. 42ರಷ್ಟನ್ನು ನೆನಪಿಸಿಕೊಂಡರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಶೇ. 56ರಷ್ಟನ್ನು ನೆನಪಿಸಿಕೊಂಡರು. ಕಳೆದ ವರ್ಷದ ನೋಟ್‌ಬುಕ್‌ನಿಂದ ತಿಂಗಳಿಗೊಮ್ಮೆ ಹತ್ತು ಪ್ರಶ್ನೆ ಕೇಳಲು ಯಾವ ಮಂಡಳಿಯ ಅಪ್ಪಣೆಯೂ ಬೇಕಿಲ್ಲ.

ಮರ್ಫಿ ಟೌನಿನ ಆ ಮನೆಗೆ ಇನ್ನೊಂದು ಪ್ರಶ್ನೆಯೂ ಇದೆ. ಕನ್ನಡ ಭಾಷಾ ಕಲಿಕೆ ಅಧಿನಿಯಮ 2015ರಂತೆ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕು. ಮನೆಯಲ್ಲಿ ಕಲಿಯುವ ಮಗು ಶಾಲೆಯ ಆ ಚೌಕಟ್ಟಿನಿಂದ ಹೊರಗಿದೆ. ಮಾತು ಬೀದಿಯಿಂದ ಬಂದೀತು, ಬಳಸದಿದ್ದರೆ ಅಕ್ಷರ ಉಳಿಯದು. ಬಸ್ಸಿನ ಫಲಕ, ಪತ್ರಿಕೆಯ ತಲೆಬರಹ ಓದಲು ಬಾರದಾದಾಗ ಆ ನಷ್ಟ ಯಾವ ಅಂಕಪಟ್ಟಿಯಲ್ಲೂ ಕಾಣಿಸುವುದಿಲ್ಲ.

ಶಿಕ್ಷಣ ಇಲಾಖೆ ಇಂಥ ಕುಟುಂಬಗಳನ್ನು ಅಪರಾಧಿಗಳಂತೆ ಕಾಣಬೇಕಾಗಿಲ್ಲ, ಕಂಡೂ ಕಾಣದಂತೆ ಇರಬೇಕಾಗಿಯೂ ಇಲ್ಲ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ವರ್ಷಕ್ಕೊಮ್ಮೆ ಓದು-ಬರಹ-ಲೆಕ್ಕವನ್ನು ಮಾತ್ರ ನೋಡುವ, ಪಾಸು-ಫೇಲು ಇಲ್ಲದ, ಇಷ್ಟವಿದ್ದವರು ಬರಬಹುದಾದ ಪರೀಕ್ಷೆಯೊಂದನ್ನು ಏರ್ಪಡಿಸಲು ಹೆಚ್ಚಿನ ವೆಚ್ಚವಾಗದು. ಹದಿನಾಲ್ಕನೆಯ ವಯಸ್ಸಿನಲ್ಲಿ ತಿಳಿಯುವ ಕೊರತೆ ಎಂಟನೆಯ ವಯಸ್ಸಿನಲ್ಲೇ ತಿಳಿದರೆ ಅದನ್ನು ತುಂಬಿಕೊಳ್ಳಲು ಮಗುವಿಗೆ ಆರು ವರ್ಷ ಸಿಗುತ್ತದೆ.